ಫೋನಿನ ನೆತ್ತಿಮೇಲಿನ ಕೀಲಿ

"ಇದೇನಿದು, ಫೋನಿನ ನೆತ್ತಿಮ್ಯಾಲ ಕೀಲಿಕೈ?"

ಲಕ್ಕವ್ವ ಬೆನ್ನ ಹಿಂದೆ ಬಂದು ನಿಂತದ್ದು ಸೊಸೆ ವಿಜಯಲಕ್ಷ್ಮೀಗೆ ತಿಳಿದೇ ಇರಲಿಲ್ಲ. ಒಲೆಯ ಮೇಲೆ ಹಾಲು, ಕೈಯಲ್ಲಿ ಫೋನು, ಫೋನಿನೊಳಗೆ ಯಾವಳೋ ಒಬ್ಬಳು ಸೀರೆಯ ನೆರಿಗೆ ಹಿಡಿಯುವುದನ್ನು ತೋರಿಸುತ್ತಿದ್ದಳು. ಈ ಮನೆಯಲ್ಲಿ ಯೂಟ್ಯೂಬ್ ಬರಲೇಬಾರದು. ಸಿದ್ಧೇಶ್ವರ ಗುಡಿಯ ಹಿಂದಿನ ಗಲ್ಲಿಗಳಿಗೆಲ್ಲ ವೈಫೈ ಕೊಡುವವನು ಲಕ್ಕವ್ವನ ಮಗ ಸಂಗನಬಸವ. ಓಣಿಗೆಲ್ಲ ಹಂಚಿದವನು ಸ್ವಂತ ಮನೆಗೆ ಮಾತ್ರ ಯೂಟ್ಯೂಬ್ ಬಂದ್ ಮಾಡಿದ್ದ. ಹೆಂಗಸರ ಫೋನಿಗೆ ಬೇರೆ ನೆಟ್ ಹಾಕಿಸುತ್ತಲೂ ಇರಲಿಲ್ಲ. ಮಕ್ಕಳ ಓದು ಕೆಡುತ್ತದೆ ಎನ್ನುವುದು ಬಾಯಿಮಾತು. ನಿಜ ಓಣಿಗೆಲ್ಲ ಗೊತ್ತಿತ್ತು: ಅವನ ತಂಗಿ ಸುವರ್ಣಾ ತಿಕೋಟಾದಲ್ಲಿ ಕೂತು ಅದರಲ್ಲಿ ಅಡುಗೆ ತೋರಿಸುತ್ತಿದ್ದಳು.

ಸುವರ್ಣಾ ಬೌದ್ಧರ ಮನೆಯ ಕುನಾಲನನ್ನು ಮದುವೆಯಾಗಿ ಹೋದ ದಿನ, ಇವರು ಅವಳು ಸತ್ತಳೆಂದು ತಲೆಯ ಮೇಲೆ ನೀರು ಹಾಕಿಕೊಂಡಿದ್ದರು. ಮೊದಲ ಕೊಡ ಎತ್ತಿದವಳು ಹೆತ್ತವಳೇ. ಆಮೇಲೆ ಮಗಳ ಹೆಸರೆತ್ತಿದವರ ಮೇಲೆ ಲಕ್ಕವ್ವ ಹರಿಹಾಯುತ್ತಿದ್ದಳು. ಆ ಸಿಟ್ಟಿನ ಅಡಿಯಲ್ಲಿ, ಒಂದು ಸಲ ಅವಳ ಮುಖ ನೋಡಬೇಕು ಎಂಬ ಆಸೆ ಹುಣ್ಣಿನಂತೆ ಕೀವುಗಟ್ಟಿತ್ತು. ಹೇಳುವುದಾದರೂ ಯಾರಿಗೆ?

"ವಿಪಿಎನ್ ಅಂತಾರ್ರಿ ಅತ್ತಿ," ಸೊಸೆ ಫೋನನ್ನು ಸೆರಗಿನ ಮರೆಗೆ ಸರಿಸಿದಳು. "ಇದನ್ನ ಚಾಲೂ ಮಾಡಿದ್ರ ಫೋನ್ ಹಾಲೆಂಡಿನಾಗ ಐತಿ ಅಂತ ತೋರಸ್ತೈತ್ರಿ. ಬಂದ್ ಮಾಡಿದ್ದೂ ಬರ್ತೈತಿ. ನಾವು ಏನ್ ನೋಡಾಕತ್ತೀವಿ ಅನ್ನೂದು ನಿಮ್ಮ ಮಗಗ ಕಾಣೂದಿಲ್ಲ."

"ಅಂದ್ರ ಗಂಡನ ಮನ್ಯಾಗ ಉಂಡು ಹಾಲೆಂಡಿನಾಗ ಮೆರೀತಿ. ಬರ್ಲಿ ಅವ, ಹೇಳ್ತೀನಿ."

"ಕಾಲ ಬೀಳ್ತೀನ್ರಿ. ಹೊಡದ ಹಾಕ್ತಾರ."

ಹಾಲು ಉಕ್ಕಿ ಒಲೆಗೆ ಸುರಿಯಿತು. ಇಬ್ಬರೂ ಅತ್ತ ತಿರುಗಲಿಲ್ಲ.

"ಹಂಗಾರ ನನ್ನ ಫೋನಿಗೂ ಹಾಕು."

ವಿಜಯಲಕ್ಷ್ಮೀಯ ಅಂಜಿಕೆ ಅಲ್ಲಿಗೇ ಇಳಿಯಿತು. "ಯಾರನ್ನ ನೋಡಾಕ್ರಿ? ಮೊದಲ ಕೊಡ ನೀವಽ ಎತ್ತಿದ್ರಲ್ಲ."

"ಬಾಯಿ ಮುಚ್ಕೊಂಡು ಹಾಕ ಬೇ!"

ಮಧ್ಯಾಹ್ನ ಲಕ್ಕವ್ವ ಫೋನು ಹಿಡಿದು ಅಡುಗೆಮನೆಯ ಮೂಲೆಯಲ್ಲಿ ಹುಳಿಗಿಟ್ಟ ಕರಿಂಡಿ ಚಟ್ನಿಯ ಗಡಿಗೆಯ ಪಕ್ಕ ಕೂತಳು. ಚಳಿಗಾಲ ಬಂತೆಂದರೆ ಅವಳ ಕರಿಂಡಿಗೆ ಓಣಿಯೇ ಬಟ್ಟಲು ಹಿಡಿದು ಬರುತ್ತಿತ್ತು. ಅಗಸಿಬೀಜ ಎಷ್ಟು, ಹಸಿಮೆಣಸಿನಕಾಯಿ ಎಷ್ಟು ಎಂದು ಯಾರಿಗೂ ಹೇಳಿದವಳಲ್ಲ. ಆ ಗಡಿಗೆಯ ಮೇಲೆ ಸೊಸೆಯ ನೆರಳೂ ಬೀಳುವಂತಿರಲಿಲ್ಲ. ಕೈಹಿಡಿದು ಕಲಿಸಿದ್ದು ಮಗಳಿಗೊಬ್ಬಳಿಗೇ.

ಸುವರ್ಣಾ ಕಾಣಿಸಿದಳು. ತುಸು ದಪ್ಪಗಾಗಿದ್ದಳು. ಮಗ್ಗುಲಲ್ಲಿ ಅವಳ ಅತ್ತೆ ಸಾವಂತ್ರವ್ವ ಮೆಣಸಿನಕಾಯಿ ಕುಟ್ಟುತ್ತಿದ್ದಳು. ಮುಂದೆ ಗಡಿಗೆ. ಕರಿಂಡಿ! ತನ್ನ ಗುಟ್ಟನ್ನು ಮಗಳು ಸಂತೆಗೆ ಇಟ್ಟಿದ್ದಾಳೆಂದು ಲಕ್ಕವ್ವನ ಮೈ ಉರಿಯಿತು.

"ಅವ್ವಾ, ಉಪ್ಪ ನೋಡ ಬೇ," ಎಂದು ಸುವರ್ಣಾ ಅತ್ತೆಯತ್ತ ಗಡಿಗೆ ಸರಿಸಿದಳು. ಅವ್ವಾ ಅಂತೆ! ಸಾವಂತ್ರವ್ವ ಬೆರಳು ಅದ್ದಿ ಚೀಪಿ ತಲೆ ಆಡಿಸಿದಳು.

"ಇದು ನನ್ನ ಹಡದವ್ವನ ಕೈ ಅಳತಿ," ಸುವರ್ಣಾ ಗಜ್ಜರಿ ಹೆಚ್ಚುತ್ತ ನೋಡುವವರಿಗೆ ಹೇಳಿದಳು. "ಆಕಿ ತೀರ್ಕೊಂಡು ಭಾಳ ದಿನ ಆತು."

ಕುಟ್ಟುತ್ತಿದ್ದ ಸಾವಂತ್ರವ್ವನ ಕೈ ನಿಂತಿತು. ಸುವರ್ಣಾಳ ಈಳಿಗೆ ನಿಲ್ಲಲಿಲ್ಲ.

ಲಕ್ಕವ್ವ ವಿಡಿಯೋ ಹಿಂದೆ ಸರಿಸಿ ಮತ್ತೆ ಕೇಳಿದಳು. ಮತ್ತೆ ಸತ್ತಳು. ಮಗಳ ದನಿಯಲ್ಲಿ ನಡುಕ ಹುಡುಕಿದಳು, ಸಿಗಲಿಲ್ಲ. ಹೊತ್ತು ಇಳಿಯುವವರೆಗೂ ಅದನ್ನೇ ಕೇಳುತ್ತ ಕೂತವಳಿಗೆ ಆ ಕೀಲಿಯ ವಿಪಿಎನ್ ಬಂದ್ ಮಾಡಬೇಕೆಂಬುದೂ ನೆನಪಾಗಲಿಲ್ಲ.

ಸಂಗನಬಸವ ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ. "ಮಧ್ಯಾಹ್ನಪೂರ್ತಿ ಈ ಮನ್ಯಾಗಿನ ಒಂದು ಫೋನ್ ಹೊರದೇಶಕ್ಕ ಹೋಗೇತಿ. ಕಳ್ಳದಾರಿ ಹುಡುಕೀರೇನ್? ನನ್ನ ಧಂದೆದಾಗ ನನಗಽ ಟೋಪಿ?" ಉತ್ತರಕ್ಕೆ ಕಾಯದೆ ಹೆಂಡತಿಯ ತುರುಬಿಗೆ ಕೈ ಹಾಕಿದ.

ವಿಜಯಲಕ್ಷ್ಮೀ ಅತ್ತೆಯನ್ನು ನೋಡಿದಳು, ಬೇಡಿಕೊಳ್ಳಲಿಲ್ಲ. ಬೀಳಲಿ ಎರಡು ಎಂದು ಲಕ್ಕವ್ವನಿಗೆ ಒಂದು ಗಳಿಗೆ ಅನಿಸಿದ್ದೂ ಸುಳ್ಳಲ್ಲ.

"ಆಕೀನ್ನ ಬಿಡು. ಅದು ನನ್ನ ಫೋನು."

"ಏನ್ ನೋಡಿದಿ ಬೇ?"

"ನಿನ್ನ ತಂಗೀನ್ನ."

"ಆಕಿ ಸತ್ತಾಳ! ನೀನಽ ಮೊದಲ ನೀರ ಹಾಕ್ಕೊಂಡಿ!"

"ಹೌದಪಾ, ಹಾಕ್ಕೊಂಡೆ," ಎಂದಳು ಲಕ್ಕವ್ವ. "ಆಕೀನೂ ನನ್ನ ಹೆಸರೀಲೆ ಹಾಕ್ಕೊಂಡಾಳ."

ಸಂಗನಬಸವನಿಗೆ ಅರ್ಥವಾಗಲಿಲ್ಲ. ಹೆಂಡತಿಯ ತುರುಬು ಬಿಟ್ಟು, ತಾಯಿಯ ಕೈಯಿಂದ ಫೋನು ಕಸಿದು ಕಿಸೆಗೆ ಹಾಕಿಕೊಂಡು, ಬೈಯುತ್ತ ಹೊರಗೆ ಹೋದ. ಲಕ್ಕವ್ವ ಫೋನನ್ನು ಮರಳಿ ಕೇಳಲಿಲ್ಲ. ಮೂಲೆಗೆ ಹೋಗಿ ಗಡಿಗೆಯ ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದಳು. ದಿನಕ್ಕೊಮ್ಮೆ ತಿರುವದಿದ್ದರೆ ಕರಿಂಡಿ ಕೆಡುತ್ತದೆ. ತಿರುವಿದಳು. ಸವುಟು ಕೈಯಲ್ಲೇ ನಿಂತಿತು.

"ಬಾ ಇಲ್ಲಿ," ಎಂದಳು ಸೊಸೆಯ ಕಡೆ ನೋಡದೆ. "ಉಪ್ಪ ನೋಡು."

ವಿಜಯಲಕ್ಷ್ಮೀ ಬಿಚ್ಚಿದ ಕೂದಲನ್ನು ಗಂಟು ಹಾಕಿಕೊಂಡು, ಅವಸರ ಮಾಡದೆ ಬಂದು ಕೂತಳು. ಬೆರಳು ಅದ್ದಿ ನಾಲಿಗೆಗೆ ಹಚ್ಚಿದಳು.

"ಕಡಿಮಿ ಆಗೇತ್ರಿ," ಎಂದಳು, ಬಿರುಸಾಗಿಯೇ.

ಲಕ್ಕವ್ವ ಉಪ್ಪಿನ ಭರಣಿಯನ್ನು ಅವಳತ್ತ ಸರಿಸಿದಳು.