ಮೂರನೇ ಕಂಬ ಕೂಗಲಿಲ್ಲ

1

ಎಲ್ಲಿಂದ ಶುರು ಮಾಡಲಿ, ನೀವೇ ಹೇಳಿ. ಸುಂಟರಗಾಳಿಯ ಕಥೆ ಅಂದಮೇಲೆ ಆಕಾಶ ಹಸಿರಾಗುವುದರಿಂದ ಶುರು ಮಾಡಬೇಕೆಂಬ ನಿಯಮ ಇದ್ದಂತಿದೆ. ನಾನೂ ಹಾಗೇ ಮಾಡಿದೆ. “ಕಾನ್ಸಾಸಿನ ಬಯಲಿನ ಮೇಲೆ ಆಕಾಶ ಹಳೆಯ ಗಾಯದಂತೆ ಹಸಿರುಗಟ್ಟಿತ್ತು” ಎಂದು ಬರೆದು, ನನ್ನ ಬೆನ್ನು ನಾನೇ ತಟ್ಟಿಕೊಂಡು, ಹಾಳೆಯನ್ನು ವರ್ಲೀನ್ ಕೇನ್‌ಗೆ ತೋರಿಸಿದೆ. ಈ ಕಥೆಯ ಮುಖ್ಯ ಪಾತ್ರ ಆಕೆಯೇ. ವಯಸ್ಸು ಅರವತ್ತನಾಲ್ಕು. ಮೂವತ್ತೊಂದು ವರ್ಷ ರೈಲ್ವೆಯಲ್ಲಿ ರೇಡಿಯೋ ರಿಪೇರಿ ಮಾಡಿದವಳು.

“ಗಾಯ ಹಸಿರಾದ್ರೆ ಡಾಕ್ಟ್ರ ಹತ್ರ ಹೋಗ್ಬೇಕು ಕಣಯ್ಯಾ,” ಎಂದು ಹಾಳೆಯ ಮೇಲೆ ಕಾಫಿ ಲೋಟ ಇಟ್ಟಳು. “ಗಾಳಿ ಬಗ್ಗೆ ಏನು ಬರೀತೀಯ? ಗಾಳಿ ತನ್ನ ಕೆಲಸ ತಾನು ಮಾಡ್ತು. ಮಾಡ್ದೇ ಇದ್ದೋರ ಬಗ್ಗೆ ಬರಿ.”

1 (ಮತ್ತೆ)

ಸರಿ. ಉಪಮೆಗಳಿಲ್ಲದೆ.

ನಮ್ಮ ಬ್ರೆನ್‌ವಿಲ್ ಊರಿನಲ್ಲಿ, ಸುಂಟರಗಾಳಿ ಬಂದರೆ ಎಚ್ಚರಿಸಲೆಂದು, ಐದು ಸೈರನ್ ಕಂಬಗಳಿವೆ. ಮೇ ತಿಂಗಳ ಒಂದು ಮಂಗಳವಾರ, ಮಧ್ಯಾಹ್ನ ನಾಲ್ಕೂ ಇಪ್ಪತ್ತಕ್ಕೆ, ಕೌಂಟಿಯ, ಅಂದರೆ ಜಿಲ್ಲಾಡಳಿತದ, ಕಚೇರಿಯಲ್ಲಿ ಕರ್ತವ್ಯದಲ್ಲಿದ್ದ ಜನೆಲ್ ಶ್ರಾಗ್ ಎಂಬ ಹುಡುಗಿ ಗುಂಡಿ ಒತ್ತಿದಳು. ಗುಂಡಿ ಒತ್ತಿದರೆ ರೇಡಿಯೋದಲ್ಲಿ ಎರಡು ಸ್ವರ ಹೋಗುತ್ತವೆ; ಕಂಬದ ಮೇಲಿನ ಪೆಟ್ಟಿಗೆ ಅವನ್ನು ಗುರುತು ಹಿಡಿದರೆ ಸೈರನ್ ಕೂಗುತ್ತದೆ. ನಾಲ್ಕು ಕಂಬ ಕೂಗಿದವು. ಊರಿನ ಪೂರ್ವದ ಅಂಚಿನಲ್ಲಿ, ಚಕ್ರದ ಮೇಲೆ ನಿಲ್ಲಿಸಿದ ಟ್ರೇಲರ್ ಮನೆಗಳ ಸಾಲಿನ ಪಕ್ಕದ ಮೂರನೇ ಕಂಬ ಕೂಗಲಿಲ್ಲ.

ಆ ಹೊತ್ತಿಗೆ ಓರ್ಫಾ ಡರ್ಕ್ಸ್ ತನ್ನ ಟ್ರೇಲರಿನ ಹಿಂದೆ ಮಂಡಿಯೂರಿ ಟೊಮೇಟೊ ಸಸಿ ನೆಡುತ್ತಿದ್ದಳು. ಪ್ರತಿ ಗುರುವಾರ ವರ್ಲೀನಳ ಜೊತೆ ಇಸ್ಪೀಟಾಡುತ್ತಿದ್ದವಳು, ಆಡುವಾಗ ಮೋಸ ಮಾಡುತ್ತಿದ್ದವಳು. ಉಳಿದ ಕಂಬಗಳ ದನಿ ಬೀಸುಗಾಳಿಯಲ್ಲಿ ಅವಳವರೆಗೆ ಮುಟ್ಟಲಿಲ್ಲ. ಅಡಗುವ ನೆಲಮಾಳಿಗೆ ನಲವತ್ತು ಹೆಜ್ಜೆ ದೂರ. ಗಾಳಿ ಬರಲು ಇನ್ನೂ ಎಂಟು ನಿಮಿಷ ಇತ್ತು.

(ಓರ್ಫಾಳ ಸಾವಿನ ಬಗ್ಗೆ ಎರಡು ಪುಟ ಬರೆದಿದ್ದೆ. ಬಹಳ ಚೆನ್ನಾಗಿ ಬಂದಿತ್ತು. ಚೆನ್ನಾಗಿ ಬಂದಿದೆ ಅನ್ನಿಸಿದ್ದಕ್ಕೇ ಹೇಸಿಗೆಯಾಗಿ ಹರಿದೆ.)

ಆ ಕಂಬವನ್ನು ಗಾಳಿ ಮುಟ್ಟಲೂ ಇಲ್ಲ.

2

ಮರುದಿನ ಕೌಂಟಿಯ ತುರ್ತು ನಿರ್ವಹಣಾಧಿಕಾರಿ ಗ್ಯಾರೆಟ್ ಪೆನ್ನರ್ ಪತ್ರಿಕೆಯವರ ಮುಂದೆ ನಿಂತು, “ಮಾನವ ದೋಷದ ಸಾಧ್ಯತೆಯನ್ನು ಪರಿಶೀಲಿಸುತ್ತಿದ್ದೇವೆ” ಎಂದ. ಊರಿಗೆ ಅಷ್ಟು ಸಾಕಾಯಿತು. ಆ ಮಾನವ ಯಾರು? ಜನೆಲ್. ಇಪ್ಪತ್ತಾರು ವರ್ಷದವಳು. ಅವಳ ಕಾರಿನ ಗಾಜಿನ ಮೇಲೆ ಯಾರೋ ಸೋಪಿನಲ್ಲಿ “ನಿದ್ದೆ ಮುಗೀತಾ?” ಎಂದು ಬರೆದರು. ಅಂಗಡಿಯಲ್ಲಿ ಅವಳನ್ನು ಕಂಡವರು ತರಕಾರಿಯ ಕಡೆ ತಿರುಗಿದರು. ಮೂರನೇ ವಾರ ಅವಳು ಕೆಲಸ ಬಿಟ್ಟಳು.

ವರ್ಲೀನ್ ಅಳಲಿಲ್ಲ, ಅರ್ಜಿ ಬರೆದಳು. ಆ ದಿನದ ರೇಡಿಯೋ ಧ್ವನಿಮುದ್ರಣ ಬೇಕು ಎಂದು. ಒಂದು ತಿಂಗಳು ಸತಾಯಿಸಿ ಕೊಟ್ಟರು. ಅವಳ ಅಡುಗೆಮನೆಯಲ್ಲಿ ಕೂತು ಇಬ್ಬರೂ ಕೇಳಿದೆವು. ನಾಲ್ಕೂ ಇಪ್ಪತ್ತಕ್ಕೆ ಎರಡು ಸ್ವರ, ಸ್ವಚ್ಛ. ನಾಲ್ಕೂ ಇಪ್ಪತ್ತೆರಡಕ್ಕೆ ಮತ್ತೆ ಎರಡು ಸ್ವರ, ಅದರ ಮೇಲೆ ಅಗ್ನಿಶಾಮಕ ಲಾರಿಯಿಂದ ಒಬ್ಬನ ದನಿ: “ಡೀಸೆಲ್ ಪಂಪಿನ ಕೀ ಯಾರ ಹತ್ರ ಇದೆ?”

“ಒಂದೇ ಚಾನೆಲ್,” ವರ್ಲೀನ್ ಹಲ್ಲು ಕಚ್ಚಿದಳು. “ಸೈರನ್ನೂ ಅದ್ರಲ್ಲೇ, ಇವರ ಹರಟೇನೂ ಅದ್ರಲ್ಲೇ. ಹುಡುಗಿ ಎರಡು ಸಲ ಒತ್ತಿದಾಳೆ ಕಣೋ. ಎರಡು ಸಲ!”

ಮೊದಲ ಸಲದ ಸ್ವಚ್ಛ ಸ್ವರ ಮೂರನೇ ಕಂಬಕ್ಕೆ ಯಾಕೆ ಕೇಳಿಸಲಿಲ್ಲ? ಆಳನ್ನು ಬುಟ್ಟಿಯಲ್ಲಿ ಮೇಲೆತ್ತುವ ವಿದ್ಯುತ್ ಇಲಾಖೆಯ ಲಾರಿಯಲ್ಲಿ ವರ್ಲೀನಳೇ ಮೇಲೆ ಹತ್ತಿದಳು. ಆಂಟೆನಾದ ಕೇಬಲ್ ಬಿಚ್ಚಿದಾಗ ಅದರೊಳಗಿಂದ ನೀರು ಸುರಿದು ಅವಳ ಮೊಣಕೈವರೆಗೆ ಇಳಿಯಿತು. ತಾಮ್ರ ಕಿಲುಬು ಹಿಡಿದು ಪುಡಿಯಾಗಿತ್ತು. ಕಂಬ ಕಿವುಡಾಗಿ ಬಹಳ ದಿನವಾಗಿತ್ತು.

4

(ಮೂರನೇ ಭಾಗ ಪೆನ್ನರನ ಬಾಲ್ಯದ ಬಗ್ಗೆ ಇತ್ತು, ಅವನೂ ಮನುಷ್ಯನೇ ಎಂದು ತೋರಿಸುವ ಉದ್ದೇಶ. ವರ್ಲೀನ್ ಅದನ್ನು ಓದಿ ನನ್ನನ್ನು ನೋಡಿದ ರೀತಿಗೆ ನಾನೇ ತೆಗೆದುಹಾಕಿದೆ.)

ಸಾರ್ವಜನಿಕ ಸಭೆಯಲ್ಲಿ ಅವಳು ಆ ಧ್ವನಿಮುದ್ರಣ ಹಾಕಿದಳು. ಪೆನ್ನರ್ ಕಾಗದ ಸರಿಪಡಿಸಿಕೊಂಡ.

“ನೋಡಿ ಮೇಡಂ, ಜನಕ್ಕೆ ಒಂದು ತಪ್ಪು ತಿಳುವಳಿಕೆ ಇದೆ. ಸೈರನ್ ಇರೋದು ಮನೆಯಿಂದ ಹೊರಗಡೆ ಇರೋರಿಗೆ ಮಾತ್ರ.”

“ಓರ್ಫಾ ಹೊರಗಡೇನೇ ಇದ್ಲು.”

ಪೆನ್ನರ್ ಒಂದು ಕಡತ ಎತ್ತಿ ತೋರಿಸಿದ.

“ಪ್ರತಿ ಸೋಮವಾರ ಪರೀಕ್ಷೆ ಮಾಡ್ತೀವಿ. ದಾಖಲೆ ಇದೆ. ಎಲ್ಲಾ ಸರಿ ಅಂತ ಬರೆದಿದೆ.”

“ಏನು ಸರಿ? ಗುಂಡಿ ಒತ್ತಿದ್ದು ಸರಿ. ಕೂಗಿತಾ ಇಲ್ವಾ ಅಂತ ಯಾವ ಕಂಬದ ಕೆಳಗೆ ಯಾರು ನಿಂತಿದ್ರಿ? ಬಾಗಿಲು ತಟ್ಟಿ ಬಂದು ‘ಮಾತಾಡ್ಸಿ ಬಂದೆ’ ಅಂತೀರಲ್ಲ ಸ್ವಾಮೀ!”

ಆಮೇಲೆ ಅವಳು ಹೊಸ ಎಚ್ಚರಿಕೆ ವ್ಯವಸ್ಥೆ ಕಟ್ಟಿದ್ದು ಹೀಗೆ. ಕೌಂಟಿ ಮುಖ ಗಂಟಿಕ್ಕಿಕೊಂಡು ಒಪ್ಪಿತು. ಬೇಸಿಗೆಯಿಡೀ ಅವಳ ಗ್ಯಾರೇಜಿನಲ್ಲಿ ಬೆಸುಗೆಯ ವಾಸನೆ. ಸೈರನ್‌ಗೆಂದೇ ಬೇರೆ ಚಾನೆಲ್, ಅದರಲ್ಲಿ ಮನುಷ್ಯರು ಬಾಯಿ ಬಿಡುವಂತಿಲ್ಲ. ಗುಡ್ಡದ ಮೇಲಿನ ಮರುಪ್ರಸಾರ ಯಂತ್ರ ಸತ್ತರೂ ನೀರಿನ ಟ್ಯಾಂಕಿನ ಮೇಲಿಂದ ನೇರವಾಗಿ ಸ್ವರ ಕಳಿಸುವ ಇನ್ನೊಂದು ರೇಡಿಯೋ. ಕೌಂಟಿ ಕಚೇರಿಯೇ ಹಾರಿಹೋದರೆ ಅಗ್ನಿಶಾಮಕ ಠಾಣೆಯಲ್ಲಿ ಎರಡನೇ ಗುಂಡಿ. ಒಂದು ಸಲ ಒತ್ತಿದರೆ ಬಿಡುವು ಕೊಟ್ಟು ಮೂರು ಸಲ ಸ್ವರ. ಪ್ರತಿ ಕಂಬಕ್ಕೂ ಬ್ಯಾಟರಿ. ಎಲ್ಲಕ್ಕಿಂತ ಮುಖ್ಯವಾಗಿ, ಕಂಬ ತಿರುಗಿ ಉತ್ತರ ಕೊಡಬೇಕು. ದಿನಾ ಬೆಳಿಗ್ಗೆ, ಸೈರನ್ ಕೂಗಿಸದೆಯೇ, ರೇಡಿಯೋ ಒಂದೊಂದನ್ನೂ ಕೇಳುತ್ತದೆ: ಕೇಳಿಸ್ತಾ? ಉತ್ತರ ಬರದ ಕಂಬದ ಹೆಸರು ಪರದೆಯ ಮೇಲೆ ಕೆಂಪಾಗುತ್ತದೆ; ಯಾರಾದರೂ ಹೋಗಿ ನೋಡುವವರೆಗೂ ಕೆಂಪಾಗಿಯೇ ಇರುತ್ತದೆ.

5

ಈಗ ಮುಗಿಸಬೇಕು. ಅಂತ್ಯ ಕ: ಮುಂದಿನ ವರ್ಷ ಮತ್ತೆ ಗಾಳಿ ಬರುತ್ತದೆ, ಐದೂ ಕಂಬ ಕೂಗುತ್ತವೆ, ಎಲ್ಲರೂ ಉಳಿಯುತ್ತಾರೆ.

“ಇನ್ನೊಂದು ಗಾಳಿ ತಂದ್ರೆ ನಿನ್ನ ಕೈ ಮುರೀತೀನಿ,” ಎಂದಳು ವರ್ಲೀನ್. “ನಿನ್ನ ಕಥೆ ಗೆಲ್ಲೋಕೆ ಊರಿಗೆ ಗಾಳಿ ಬೇಕಾ?”

ಅಂತ್ಯ ಖ: ಪೆನ್ನರ್ ಜನೆಲ್‌ಳ ಕ್ಷಮೆ ಕೇಳುತ್ತಾನೆ. (ಕೇಳಲಿಲ್ಲ. ಇದು ಕಥೆಯಾದರೂ ಅಷ್ಟು ಸುಳ್ಳು ನನ್ನ ಕೈಲಾಗದು.)

ವರ್ಲೀನ್ ಹಾಳೆಗಳನ್ನೆಲ್ಲ ಜೋಡಿಸಿ ನನ್ನ ಕಡೆ ತಳ್ಳಿದಳು. “ಪೆನ್ನರ್‌ಗೆ ಬೈದಿದೀಯ. ಊರಿಗೆ ಬೈದಿದೀಯ. ನೀನೆಲ್ಲಿದೀಯ ಇದ್ರಲ್ಲಿ?”

“ನಾನು ಹೇಳೋನು.”

“ನಿನ್ನ ಮನೆ ಎಲ್ಲಿದೆ?”

ಓದುಗರೇ, ನಾನು ಮುಚ್ಚಿಟ್ಟಿದ್ದೆ. ನನ್ನ ಮನೆ ಮೂರನೇ ಕಂಬದ ಹಿಂದೆಯೇ ಇದೆ. ಸೋಮವಾರ ಮಧ್ಯಾಹ್ನ ಹನ್ನೆರಡಕ್ಕೆ ಆ ಪರೀಕ್ಷೆಯ ಕೂಗಿಗೆ ಕಿಟಕಿ ಅದುರುತ್ತಿತ್ತು, ನಾನು ಬೈಯುತ್ತಿದ್ದೆ. ಆ ವರ್ಷ ಏಪ್ರಿಲ್‌ನಿಂದ ಅದು ಕೂಗಲಿಲ್ಲ. ದೂರದ ಕಂಬಗಳ ದನಿ ಸಣ್ಣಗೆ ಕೇಳುತ್ತಿತ್ತು, ನನ್ನದು ಮೌನ. ಐದು ಸೋಮವಾರ. ಯಾರಾದರೂ ಹೇಳಿರುತ್ತಾರೆ ಎಂದುಕೊಂಡೆ. ಅದೂ ಸುಳ್ಳು. ಏನೂ ಅಂದುಕೊಳ್ಳಲಿಲ್ಲ, ಸದ್ದಿಲ್ಲದ್ದು ಹಿತವಾಗಿತ್ತು, ಊಟ ಮಾಡಿದೆ.

“ಗೊತ್ತಿತ್ತಾ ನಿಂಗೆ?” ಎಂದೆ.

“ನೀನು ಅಲ್ಲಿರೋದು ಗೊತ್ತು. ನಿನ್ನ ಕಿವಿ ಸರಿಯಾಗಿರೋದೂ ಗೊತ್ತು. ನನ್ನ ಹತ್ರ ಅಲ್ಲ, ಆ ಹುಡುಗಿ ಹತ್ರ ಹೋಗಿ ಹೇಳು.”

ಅಂತ್ಯ ಗ, ಅಥವಾ ಏನಾದರೂ ಅನ್ನಿ

ಜನೆಲ್ ಈಗ ಪಕ್ಕದ ಊರಿನ ಬೀಜದಂಗಡಿಯಲ್ಲಿದ್ದಾಳೆ. ನಾನು ಮೇಷ್ಟ್ರಾಗಿದ್ದಾಗ ಶಾಲೆಯಲ್ಲಿ ನನ್ನ ವಿದ್ಯಾರ್ಥಿನಿಯಾಗಿದ್ದವಳು. ಗಲ್ಲಾದ ಮುಂದೆ ನಿಂತು ಎಲ್ಲ ಹೇಳಿದೆ. ದಾರಿಯುದ್ದಕ್ಕೂ ಕಂಠಪಾಠ ಮಾಡಿದ್ದ ಒಳ್ಳೆಯ ವಾಕ್ಯಗಳು ಎಲ್ಲಿ ಹೋದವೋ.

ಅವಳು ಜೋಳದ ಬೀಜ ತೂಗುವುದನ್ನು ನಿಲ್ಲಿಸಲಿಲ್ಲ.

“ಐದು ಸೋಮವಾರ,” ಎಂದಳು.

“ಹೂಂ.”

“ನನ್ನ ಕಾರಿನ ಮೇಲೆ ಬರೆದಾಗ್ಲೂ ನಿಮಗೆ ಗೊತ್ತಿತ್ತು.”

“ಗೊತ್ತಿತ್ತು.”

“ನಮ್ಮಮ್ಮ ಚರ್ಚಿಗೆ ಹೋಗೋದು ಬಿಟ್ರು ಮೇಷ್ಟ್ರೇ. ಅವರ ಪಕ್ಕ ಯಾರೂ ಕೂರ್ತಿರ್ಲಿಲ್ಲ.” ಚೀಲದ ಬಾಯಿ ಮಡಚಿ ಜೋರಾಗಿ ಗುದ್ದಿದಳು. “ಈಗ ಬಂದು ಹೇಳ್ತಿದೀರಲ್ಲ, ನಾನೇನ್ ಮಾಡ್ಬೇಕು? ಪರ್ವಾಗಿಲ್ಲ ಬಿಡಿ ಅನ್ಬೇಕಾ? ಕಥೆ ಬರೀತಿದೀರಂತೆ. ಅದ್ರಲ್ಲಿ ನನ್ನ ಕೈಲಿ ಹಾಗೆ ಅನ್ನಿಸ್ತೀರಾ?”

ಅನ್ನಿಸಬಹುದಿತ್ತು. ಲೇಖನಿ ನನ್ನ ಕೈಯಲ್ಲೇ ಇದೆ. ಅವಳ ಕಣ್ಣಲ್ಲಿ ನೀರು ತರಿಸಿ, ನನ್ನ ಹೆಗಲ ಮೇಲೆ ಅವಳ ಕೈ ಇಡಿಸಿ, ನಿಮ್ಮನ್ನೂ ಹಗುರಾಗಿ ಮನೆಗೆ ಕಳಿಸಬಹುದಿತ್ತು.

“ಇಲ್ಲ,” ಎಂದೆ.

“ಹಂಗಾದ್ರೆ ಪಕ್ಕಕ್ಕೆ ಸರೀರಿ. ನಿಮ್ಮ ಹಿಂದೆ ಜನ ನಿಂತಿದಾರೆ.”

ಸರಿದೆ. ಹಿಂದಿದ್ದವನು ಅಲ್ಫಾಲ್ಫಾ ಮೇವಿನ ಬೀಜ ಕೇಳಿದ. ಅವಳು ಎರಡು ಚೀಲ ಎತ್ತಿಕೊಟ್ಟಳು. ಓದುಗರೇ, ನೀವು ಬೇಕಾದರೆ ಎದ್ದು ಹೋಗಬಹುದು. ನನಗೆ ಬಾಗಿಲ ಕಡೆ ಹೋಗಬೇಕೋ, ಇಲ್ಲೇ ನಿಂತಿರಬೇಕೋ ಇನ್ನೂ ತಿಳಿದಿಲ್ಲ, ಅವಳೂ ಹೇಳುತ್ತಿಲ್ಲ