ಹಕೀಮನ ಜೈತೂನ ಎಣ್ಣೆ

೧೯೮೨ರಲ್ಲಿ ನನ್ನ ಗಂಡನಿಗೆ ಕರುಳಿನ ಕ್ಯಾನ್ಸರ್ ಎಂದ ಹುಬ್ಬಳ್ಳಿಯ ಡಾಕ್ಟರು, ಬೇಗ ಆಪರೇಷನ್ ಮಾಡಿಸಲು ಹೇಳಿದರು. ಸವಣೂರಿನ ಹಕೀಮ ತಡೆದ. "ಕೊಯ್ಯಿಸಬ್ಯಾಡ್ರಿ. ಜೈತೂನ, ಅಂದ್ರ ಆಲಿವ್ ಎಣ್ಣಿಯೊಳಗಿನ ಒಗರು ಗಂಟು ಕರಗಸ್ತೈತಿ," ಎಂದು ಬಾಟಲಿಗಳನ್ನು ಕೊಟ್ಟ. ಆರು ತಿಂಗಳು ಅದನ್ನೇ ಕುಡಿದು ಗಂಡ ಸತ್ತ.

ಉಳಿದ ಬಾಟಲಿಗಳಲ್ಲಿ ಒಂದನ್ನು ಬಾಣಲೆಗೆ ಸುರಿದೆ. ಕಾದೊಡನೆ ಅತ್ತರಿನ ಪರಿಮಳ ಹಾರಿ, ಶೇಂಗಾ ಎಣ್ಣೆಯ ವಾಸನೆ ಎದ್ದಿತು. ಮೂವತ್ತು ವರ್ಷ ಅದರಲ್ಲೇ ಖಾರ ಸೇವು ಕರಿದು ಮಾರಿದವಳು ನಾನು. ವಿಧವೆ ಹೊಸ್ತಿಲು ದಾಟಬಾರದ ಇದ್ದತ್ತಿನ ನಾಲ್ಕು ತಿಂಗಳು ಹತ್ತು ದಿನ ಹಲ್ಲು ಕಚ್ಚಿ ಕಾದೆ.

ಅದು ಮುಗಿದ ಮರುದಿನವೇ ಹಕೀಮನ ಅಂಗಡಿಯೆದುರು ಒಲೆ ಹೂಡಿ, ಅವನ ಎಣ್ಣೆಯಲ್ಲೇ ಖಾರ ಕರಿದೆ. ಔಷಧಿಗೆ ನಿಂತಿದ್ದವರೆಲ್ಲ ಮೂಗರಳಿಸಿದರು. ಸವಣೂರಿನಲ್ಲಿ ಶೇಂಗಾ ಎಣ್ಣೆಯ ಆ ವಾಸನೆ ಅರಿಯದವರಿಲ್ಲ.

ಮೊದಲ ಹಿಡಿಯನ್ನು ಹಕೀಮನ ಮುಂದೆ ಹಿಡಿದೆ.

"ತಿನ್ರಿ, ನಿಮ್ಮ ದವಾದಾಗ ಕರದೇನಿ. ಹೆದರಬ್ಯಾಡ್ರಿ, ನಿಮಗ ಇನ್ನೂ ಕ್ಯಾನ್ಸರ್ ಆಗಿಲ್ಲ."