ಸ್ಟೇಷನ್ನಿನಲ್ಲಿ ಬಿಟ್ಟುಹೋದ ಹೆಂಗಸು

ನಡುರಾತ್ರಿ ಹಿಂಬಾಗಿಲ ಗಾಜಿಗೆ ಉಂಗುರ ತಾಗಿದಂಥ ಸಣ್ಣ ಸದ್ದಾಯಿತು. ಸ್ವಲ್ಪ ತಡೆದು ಇನ್ನೊಮ್ಮೆ.

"ಬೆಕ್ಕಿರಬೇಕು, ಮಲಕ್ಕೋ," ಎಂದು ಗಂಡ ಗೋಡೆಯ ಕಡೆ ಹೊರಳಿದ. "ನಿನ್ನ ಕಿವಿಗೆ ಇರುವೆ ಕೆಮ್ಮಿದ್ರೂ ಕೇಳತ್ತೆ."

ಅವಳು ಎದ್ದಳು. ನಿದ್ದೆ ಬಂದಿದ್ದರೆ ತಾನೆ! ಬೆಳಗಾದರೆ ಅವಳ ಕಾದಂಬರಿಯ ಪ್ರತಿಗಳೆಲ್ಲ ಕಟಿಂಗ್ ಮೆಷಿನ್ನಿನ ಬಾಯಿಗೆ ಬೀಳುವುದಿತ್ತು. ಅದೂ ಅವಳೇ ಪ್ರೂಫ್ ತಿದ್ದುವ ಪ್ರೆಸ್ಸಿನಲ್ಲಿ. ಅಲ್ಲಿ ಎಲ್ಲರಿಗೂ ಅವಳು ಪ್ರೂಫಮ್ಮ. ಊರವರ ತಪ್ಪು ತಿದ್ದುವವಳೇ ಕಳ್ಳಿಯಂತೆ ಎಂದು ಬೈಂಡಿಂಗಿನವರು ಈಗಾಗಲೇ ನಗಾಡುತ್ತಿದ್ದರು.

ಹಿರಿಯ ಕಾದಂಬರಿಕಾರರೊಬ್ಬರ ದೊಡ್ಡ ಪುಸ್ತಕದಲ್ಲಿ ಎರಡೇ ಪುಟ ಬಂದುಹೋಗುವ ಹೆಂಗಸೊಬ್ಬಳಿದ್ದಳು. ಗಂಡ ಅವಳನ್ನು ಟ್ರಂಕಿನ ಸಮೇತ ರೈಲ್ವೆ ಸ್ಟೇಷನ್ನಿನ ಬೆಂಚಿನ ಮೇಲೆ ಕೂರಿಸಿ, 'ಈಗ ಬಂದೆ' ಎಂದು ಹೋದವನು ಬರುವುದೇ ಇಲ್ಲ. ಕಥೆಯೂ ಅವನ ಬೆನ್ನು ಹಿಡಿದು ಹೋಗಿಬಿಡುತ್ತದೆ. ಕಾಲೇಜಿನಲ್ಲಿ ಅದನ್ನು ಓದಿದಾಗಿನಿಂದ ಪ್ರೂಫಮ್ಮನಿಗೆ ಅದೇ ಕೊರೆತ: ಆಮೇಲೆ ಅವಳೇನಾದಳು? ವರ್ಷಗಟ್ಟಲೆ ಕೂತು ಅವಳ ಬದುಕನ್ನೇ ಬರೆದಳು.

ಬರೆಯುವ ಮೊದಲು ಹಿರಿಯರ ಮನೆಗೆ ಹೋಗಿ ಕೇಳಿಯೂ ಇದ್ದಳು. ಅವರು ಕೈಯಾರೆ ಬರೆದವರಲ್ಲ. ಅಡ್ಡಾಡುತ್ತ ಬಾಯಲ್ಲಿ ಹೇಳುವರು, ಹೆಂಡತಿ ಬರೆದುಕೊಳ್ಳುವರು. ಅಂದೂ ಹಾಗೇ ನಡೆದಿತ್ತು, ಹೆಂಡತಿ ಪಕ್ಕದಲ್ಲೇ ಬರೆಯುತ್ತ ಕೂತಿದ್ದರು. "ಧಾರಾಳವಾಗಿ ತಗೊಂಡು ಹೋಗಮ್ಮ. ನನಗ್ಯಾಕೆ ಅವಳು?" ಎಂದು ನಕ್ಕಿದ್ದರು. ಅದನ್ನು ಬರಹದಲ್ಲಿ ಕೊಡಿ ಎನ್ನಲು ಅವಳಿಗೆ ನಾಲಗೆ ಏಳಲಿಲ್ಲ.

ಹಿರಿಯರು ತೀರಿಕೊಂಡರು. ಹಕ್ಕು ಮಗನ ಪಾಲಿಗೆ ಬಂತು. ಪುಸ್ತಕ ಹೊರಬಿದ್ದದ್ದೇ ತಡ, ಅವನ ವಕೀಲರ ನೋಟಿಸು: ನಮ್ಮ ತಂದೆಯವರ ಪಾತ್ರ ಕದ್ದಿದ್ದೀರಿ. ಒಪ್ಪಿಗೆಗೆ ಸಾಕ್ಷಿ ತನ್ನಿ, ಇಲ್ಲವೇ ಪುಸ್ತಕ ನಾಶ ಮಾಡಿ ತಪ್ಪೊಪ್ಪಿಗೆ ಕೊಡಿ.

"ಆ ತಾಯಿ ಹೂಂ ಅಂದ್ರೆ ಸಾಕು," ಎಂದಿದ್ದರು ಪ್ರೆಸ್ಸಿನ ಯಜಮಾನರು. "ಮಗರಾಯ ಬಾಲ ಮುದುರ್ಕೋತಾನೆ." ಆದರೆ ಆ ತಾಯಿ ಫೋನಿಗೂ ಸಿಗಲಿಲ್ಲ, ಬಾಗಿಲಿಗೂ ಬರಲಿಲ್ಲ.

ಈಗ ಹಿಂಬಾಗಿಲ ಗಾಜಿನಾಚೆ ನಿಂತಿದ್ದವರು ಅವರೇ.

ಒಳಗೆ ಬಂದು ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ದೀಪ ಬೇಡವೆಂದು ಕೈಯಾಡಿಸಿದರು.

"ಮಗ ಮಲಗಿದಾನೆ. ಕಳ್ಳರ ಹಾಗೆ ಬಂದೆ. ಈ ವಯಸ್ಸಿಗೆ ಇದೊಂದು ಬಾಕಿ ಇತ್ತು."

"ಅಮ್ಮಾ, ನೀವು ಒಂದೇ ಒಂದು ಮಾತು..."

"ನಿನ್ನ ಪುಸ್ತಕ ಓದಿದೆ. ಅವಳಿಗೆ ಹೊಲಿಗೆ ಮೆಷಿನ್ ಕೊಡಿಸಿದೀಯ. ಸ್ವಂತ ಅಂಗಡಿ ಬೇರೆ. ಬಾಡಿಗೆ ಕೇಳಕ್ಕೆ ಬಂದವನ ಮೇಲೆ ಕತ್ತರಿ ಎತ್ತತಾಳೆ!" ಮುದುಕಿ ಸದ್ದಿಲ್ಲದೆ ನಕ್ಕರು. "ಗಂಡುಬೀರಿ."

"ತಪ್ಪಾಯ್ತಾ ಅಮ್ಮಾ?"

"ಆ ಬೆಂಚಿನ ಮೇಲೆ ಕೂತಿದ್ದವಳು ನಾನು ಕಣೇ."

ಪ್ರೂಫಮ್ಮ ಅಡುಗೆ ಕಟ್ಟೆಯ ಅಂಚನ್ನು ಹಿಡಿದುಕೊಂಡಳು.

"ಇವನಿನ್ನೂ ಹೊಟ್ಟೇಲಿದ್ದ. ಮೂರನೇ ದಿನ ವಾಪಸು ಬಂದ್ರು. ಎಲ್ಲಿ ಹೋಗಿದ್ರಿ ಅಂತ ಕೇಳಲಿಲ್ಲ. ಟ್ರಂಕು ಎತ್ಕೊಂಡೆ, ಹಿಂದೇ ಹೋದೆ. ಎಷ್ಟೋ ವರ್ಷ ಆದಮೇಲೆ ಅದನ್ನೇ ಕಥೆ ಮಾಡಿ ಹೇಳಿದ್ರು, ನಾನೇ ಬರ್ಕೊಂಡೆ. 'ಅತ್ತಳು' ಅಂತ ಸೇರಿಸ್ಲಾ ಅಂದೆ. ಬೇಡ, ಅವಳು ಅಳೋ ಪೈಕಿ ಅಲ್ಲ ಅಂದ್ರು."

"ನನಗೆ ಒಪ್ಪಿಗೆ ಕೊಟ್ಟಿದ್ದು..."

"ಕಿವಿಯಾರೆ ಕೇಳಿದೀನಿ. 'ನನಗ್ಯಾಕೆ ಅವಳು' ಅಂದಿದ್ದೂ ಕೇಳಿದೀನಿ."

"ಹಾಗಾದ್ರೆ ಹೇಳಿ ಅಮ್ಮಾ. ನನ್ನನ್ನ ಕಳ್ಳಿ ಅಂತಿದಾರೆ."

"ಹೇಳಕ್ಕೆ ಕೂತ್ರೆ ಈ ಬಾಯಿ ಅಷ್ಟಕ್ಕೇ ನಿಲ್ಲಲ್ಲ. ಅವನಿಗೆ ಅಪ್ಪ ಅಂದ್ರೆ ದೇವರು. ನೀನು ಹುಟ್ಟೋ ಮುಂಚೆನೇ ನಿನ್ನಪ್ಪ ನಿನ್ನ ಬಿಟ್ಟುಹೋಗಿದ್ದ ಅಂತ ಯಾವ ಬಾಯಲ್ಲಿ ಹೇಳಲಿ?"

ಪ್ರೂಫಮ್ಮನಿಗೆ ಮರುಕಕ್ಕಿಂತ ಮೊದಲು ಸಿಟ್ಟೇ ಬಂತು. "ಮತ್ತೆ ಯಾಕೆ ಬಂದ್ರಿ?"

ಮುದುಕಿ ಬಾಗಿಲ ಚಿಲಕದ ಮೇಲೆ ಕೈಯಿಟ್ಟು ನಿಂತರು. "ಯಾರೋ ಒಬ್ಬರು ಅವಳನ್ನ ಆ ಬೆಂಚಿಂದ ಎಬ್ಬಿಸಿದ್ರಲ್ಲ. ಅದನ್ನ ಹೇಳಣ ಅಂತ."

ಬೆಳಿಗ್ಗೆ ಪ್ರೆಸ್ಸಿನಲ್ಲಿ ಪುಸ್ತಕದ ಕಟ್ಟುಗಳನ್ನು ಮೆಷಿನ್ನಿನ ಪಕ್ಕ ಎದೆಮಟ್ಟ ಪೇರಿಸಿದ್ದರು. ಅಲಗು ಇಳಿದಾಗಲೆಲ್ಲ ಮುಖಪುಟದ ಬಣ್ಣದ ಚೂರುಗಳು ಅವಳ ಚಪ್ಪಲಿಯ ತನಕ ಹಾರಿ ಬರುತ್ತಿದ್ದವು. ಯಾರೂ ಅವಳ ಮುಖ ನೋಡಲಿಲ್ಲ. ಅದಕ್ಕಿಂತ ನಕ್ಕಿದ್ದರೇ ಚೆನ್ನಾಗಿತ್ತು.

ಯಜಮಾನರು ತಪ್ಪೊಪ್ಪಿಗೆಯ ಹಾಳೆ ಮುಂದೆ ಹಿಡಿದರು. ಒಪ್ಪಿಗೆ ಪಡೆದಿದ್ದೆನೆಂದು ತಾನು ಹೇಳಿದ್ದೆಲ್ಲ ಸುಳ್ಳು ಎಂದು ಅದರಲ್ಲಿ ಟೈಪ್ ಆಗಿತ್ತು. ಇನ್ನು ಮುಂದೆ ಅವಳ ಹೆಸರಿನಲ್ಲಿ ಯಾರು ಪುಸ್ತಕ ಹಾಕುತ್ತಾರೆ?

"ಆ ಮುದುಕಿ ಏನಾದ್ರೂ ಬಾಯಿಬಿಟ್ರಾ?" ಎಂದರು ದನಿ ತಗ್ಗಿಸಿ. "ಈಗಲೂ ಹೇಳು, ಮೆಷಿನ್ ನಿಲ್ಲಿಸ್ತೀನಿ. ನನ್ನ ಹೊಟ್ಟೆನೂ ಉರೀತಿದೆ ಕಣಮ್ಮ."

ಮಾತು ನಾಲಗೆಯ ತುದಿಗೆ ಬಂದು ನಿಂತಿತು. ಅದು ಒಳ್ಳೆಯ ಮಾತು, ನಿಜವಾದ ಮಾತು. ಅದನ್ನು ಆಡಿದರೆ ಉಳಿದ ಕಟ್ಟುಗಳು ಉಳಿಯುತ್ತಿದ್ದವು.

"ಇಲ್ಲ ಸರ್. ಅವರು ಸಿಗಲೇ ಇಲ್ಲ."

ಗಂಡನಿಗೂ ಇದೇ ಮಾತು, ಯಾರು ಕೇಳಿದರೂ ಇದೇ ಮಾತು ಎಂದುಕೊಂಡು, ಪೆನ್ನು ತೆಗೆದು ಸಹಿ ಮಾಡಿದಳು.